ಹಳೆಯ ಪ್ರೊಸೆಸರ್‌ನಲ್ಲಿ ಹೊಸ ಗೇಮ್ ಓಡುತ್ತಾ? ದುಡ್ಡು ಹಾಕುವ ಮೊದಲು ಮನೆಯಲ್ಲೇ ಪರೀಕ್ಷಿಸುವ ಕ್ರಮ

ಕಾರವಾರ, ಅಂಕೋಲಾ, ಕುಮಟಾ, ಶಿರಸಿ. ಎಲ್ಲಿಂದ ಫೋನ್ ಬಂದರೂ ಪ್ರಶ್ನೆ ಒಂದೇ. "ಅಣ್ಣ, ನಾಲ್ಕನೇ ಜನರೇಷನ್ ಐ5 ಇದೆ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದೇನೆ. ಆದ್ರೂ ಗೇಮ್ ತಡವರಿಸ್ತದೆ. ಯಾಕೆ?" ನೋಡಿ, ಕಾರ್ಡ್ ಆಗಲೇ ಮನೆಗೆ ಬಂದಾಗಿದೆ. ಹುಬ್ಬಳ್ಳಿಗೆ ಹೋಗಿಯೋ ಆನ್‌ಲೈನ್‌ನಲ್ಲಿ ತರಿಸಿಯೋ ದುಡ್ಡು ಖಾಲಿಯಾದ ಮೇಲೆ ಪ್ರಶ್ನೆ ಹುಟ್ಟುತ್ತದೆ.

ಎಲ್ಲರೂ ಎಡವುವುದು ಇದೇ ಜಾಗದಲ್ಲಿ. ಮೊದಲು ಖರೀದಿ, ಆಮೇಲೆ ಪರೀಕ್ಷೆ. ಈ ಕ್ರಮವನ್ನು ತಿರುಗಿಸಿದರೆ ಅರ್ಧಕ್ಕರ್ಧ ಜನರಿಗೆ ಕಾರ್ಡೇ ಬೇಕಾಗುವುದಿಲ್ಲ. ನಿಮ್ಮ ಪ್ರೊಸೆಸರ್ ಹೊಸ ಗೇಮ್ ತಾಳುತ್ತದೋ ಇಲ್ಲವೋ ಎಂದು ಫೋನಿನಲ್ಲಿ ಯಾರೂ ಹೇಳಲಾಗದು. ನಿಮ್ಮ ಕಂಪ್ಯೂಟರನ್ನೇ ಸರಿಯಾಗಿ ಕೇಳಿದರೆ ಒಂದು ಭಾನುವಾರದಲ್ಲಿ ಉತ್ತರ ಸಿಗುತ್ತದೆ. ಕೆಳಗಿನ ಏಳು ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವಿನದು ಬಿಟ್ಟು ಮುಂದೆ ಹೋದರೆ ಕೊನೆಯ ಲೆಕ್ಕ ತಪ್ಪುತ್ತದೆ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ಸ್ಟಾರ್ ಸ್ಕ್ರೂಡ್ರೈವರ್, ಹೊಸ ಪೇಂಟ್ ಬ್ರಷ್, ಚಿಕ್ಕ ಟ್ಯೂಬ್ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ಗೂ ಕೂಲರಿಗೂ ನಡುವೆ ಹಚ್ಚುವುದು), ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿಯ ಬಟ್ಟೆ. ಒಂದು ನೋಟ್‌ಬುಕ್ಕೂ ಬೇಕು. ಸಂಖ್ಯೆಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ ಅಂದವರು ಸಂಜೆಯ ಹೊತ್ತಿಗೆ ಎಲ್ಲ ಕಲಸಿಕೊಂಡಿರುತ್ತಾರೆ.

ಸಾಫ್ಟ್‌ವೇರ್ ಮೂರು. ಪ್ರೊಸೆಸರ್‌ನ ವಿವರ ತೋರಿಸುವ ಸಿಪಿಯು-ಝಡ್, ಬಿಸಿ ತೋರಿಸುವ ಎಚ್‌ಡಬ್ಲ್ಯುಇನ್ಫೊ, ಮತ್ತು ಗೇಮ್ ಓಡುವಾಗಲೇ ಅಂಕಿ ತೋರಿಸುವ ಎಂಎಸ್‌ಐ ಆಫ್ಟರ್‌ಬರ್ನರ್. ಮೂರೂ ಉಚಿತ. ಆಫ್ಟರ್‌ಬರ್ನರ್ ಜೊತೆಗೇ ರಿವಾಟ್ಯೂನರ್ ಎಂಬುದೂ ಬರುತ್ತದೆ, ಅದನ್ನೂ ಹಾಕಿಕೊಳ್ಳಿ. ಆಫ್ಟರ್‌ಬರ್ನರ್ ಹೆಸರಿನಲ್ಲಿ ನಕಲಿ ಸೈಟುಗಳಿವೆ, ಅವುಗಳಲ್ಲಿ ವೈರಸ್ ಸೇರಿಸಿ ಕೊಟ್ಟದ್ದೂ ಉಂಟು. ಹಾಗಾಗಿ ಹುಡುಕಾಟದಲ್ಲಿ ಮೊದಲು ಕಂಡ ಜಾಹೀರಾತಿನ ಮೇಲೆ ಒತ್ತಬೇಡಿ. ತಯಾರಕರ ಸ್ವಂತ ಪುಟದಿಂದಲೇ ಇಳಿಸಿಕೊಳ್ಳಿ.

ಪರೀಕ್ಷೆಗೆ ಒಂದು ಭಾರದ ಗೇಮ್ ಬೇಕು. ದುಡ್ಡು ಕೊಡಲೇಬೇಕೆಂದಿಲ್ಲ. ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ ಮತ್ತು ಬ್ಲ್ಯಾಕ್ ಮಿತ್ ವುಕಾಂಗ್ ಎರಡಕ್ಕೂ ಸ್ಟೀಮ್ ಎಂಬ ಗೇಮ್ ಮಾರುವ ತಾಣದಲ್ಲಿ ಉಚಿತ ಬೆಂಚ್‌ಮಾರ್ಕ್ (ವೇಗ ಅಳೆಯುವ ಪ್ರೋಗ್ರಾಂ) ಇದೆ. ಮೊದಲನೆಯದು ಪ್ರೊಸೆಸರ್‌ಗೆ ಜಾಸ್ತಿ ಹೊರೆ, ಎರಡನೆಯದು ಕಾರ್ಡಿಗೆ ಜಾಸ್ತಿ ಹೊರೆ. ಗೇಮನ್ನೇ ಕೊಂಡು ನೋಡುವುದಾದರೆ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆ ಎರಡು ಗಂಟೆಯಲ್ಲಿ ಶೇಡರ್ (ಚಿತ್ರ ಬಿಡಿಸಲು ಕಾರ್ಡಿಗೆ ಕೊಡುವ ಚಿಕ್ಕ ಪ್ರೋಗ್ರಾಂ) ತಯಾರಾಗುವ ಸಮಯವೂ ಸೇರುತ್ತದೆ. ಹಳೆಯ ಪ್ರೊಸೆಸರ್‌ನಲ್ಲಿ ಅದಕ್ಕೇ ಇಪ್ಪತ್ತು ನಿಮಿಷ ಹೋಗಬಹುದು, ಗಡಿಯಾರ ನೋಡುತ್ತಿರಿ.

## ಹಂತ 1: ಪ್ರೊಸೆಸರ್‌ನ ಪೂರ್ತಿ ಹೆಸರು ಬರೆದುಕೊಳ್ಳಿ

"ಐ5" ಎಂಬುದು ಹೆಸರಲ್ಲ, ಮನೆತನ. 2011ರ ಐ5-2500 (ಎರಡನೇ ಜನರೇಷನ್) ಕೂಡ ಐ5, 2017ರ ಐ5-8400 (ಎಂಟನೇ ಜನರೇಷನ್) ಕೂಡ ಐ5. ಮೊದಲನೆಯದರಲ್ಲಿ ನಾಲ್ಕು ಕೋರ್, ಎರಡನೆಯದರಲ್ಲಿ ಆರು. ಸಿಪಿಯು-ಝಡ್ ತೆರೆಯಿರಿ. ಹೆಸರು, ಕೋರ್, ಥ್ರೆಡ್, ಮತ್ತು ಇನ್‌ಸ್ಟ್ರಕ್ಷನ್ಸ್ ಎಂಬ ಸಾಲು, ಈ ನಾಲ್ಕನ್ನು ಬರೆದುಕೊಳ್ಳಿ.

ಕೋರ್ ಎಂದರೆ ಪ್ರೊಸೆಸರ್‌ನೊಳಗೆ ಕೆಲಸ ಮಾಡುವ ಘಟಕ, ಥ್ರೆಡ್ ಎಂದರೆ ಅದು ಏಕಕಾಲಕ್ಕೆ ನಡೆಸುವ ಕೆಲಸದ ಸಾಲು. ಥ್ರೆಡ್ ಎಷ್ಟು ಎಂಬುದೇ ಇಲ್ಲಿ ಮುಖ್ಯ. ನಾಲ್ಕು ಕೋರ್, ನಾಲ್ಕೇ ಥ್ರೆಡ್ ಇರುವ ಹಳೆಯ ಐ5ಗಳು ಇಂದಿನ ತೆರೆದ ನಗರದ ಗೇಮ್‌ಗಳಲ್ಲಿ ಏದುಸಿರು ಬಿಡುತ್ತವೆ. ಅದೇ ಕಾಲದ ಐ7ಗಳಲ್ಲಿ ಕೋರ್ ನಾಲ್ಕೇ ಆದರೂ ಥ್ರೆಡ್ ಎಂಟು. ಸರಾಸರಿ ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ ಮೂಡುವ ಫ್ರೇಮ್, ಅಂದರೆ ಚಿತ್ರಗಳ ಸಂಖ್ಯೆ) ವ್ಯತ್ಯಾಸ ದೊಡ್ಡದಿಲ್ಲದಿದ್ದರೂ ತಡವರಿಕೆಯಲ್ಲಿ ತುಂಬಾ ವ್ಯತ್ಯಾಸ ಕಾಣುತ್ತದೆ.

ಇನ್‌ಸ್ಟ್ರಕ್ಷನ್ಸ್ ಸಾಲಿನಲ್ಲಿ ಎವಿಎಕ್ಸ್ ಮತ್ತು ಎವಿಎಕ್ಸ್2 ಇವೆಯೇ ನೋಡಿ. ಒಂದೇ ಸಲಕ್ಕೆ ಹಲವು ಲೆಕ್ಕ ಮಾಡಿಸುವ ಆದೇಶಗಳಿವು. ಇಂಟೆಲ್‌ನ ಮೊದಲ ಜನರೇಷನ್ ಐ3, ಐ5, ಐ7ಗಳಲ್ಲಿ ಎರಡೂ ಇಲ್ಲ. ಎರಡು ಮತ್ತು ಮೂರನೆಯದರಲ್ಲಿ ಎವಿಎಕ್ಸ್ ಮಾತ್ರ. ನಾಲ್ಕನೆಯದರಿಂದ ಎರಡೂ ಇವೆ. ಎಎಮ್‌ಡಿಯ ಎಫ್‌ಎಕ್ಸ್-8350ರಲ್ಲಿ ಎವಿಎಕ್ಸ್ ಇದೆ, ಎವಿಎಕ್ಸ್2 ಇಲ್ಲ. ಎಲ್ಲ ರೈಜನ್‌ಗಳಲ್ಲೂ ಎರಡೂ ಇವೆ. ಪೆಂಟಿಯಮ್, ಸೆಲೆರಾನ್ ಇದ್ದವರು ಹುಷಾರು: ನಾಲ್ಕನೇ ಜನರೇಷನ್ ಪೆಂಟಿಯಮ್ ಆದರೂ ಅದರಲ್ಲಿ ಎವಿಎಕ್ಸ್ ಇರುವುದಿಲ್ಲ.

## ಹಂತ 2: ಬಾಗಿಲಲ್ಲೇ ತಡೆಯುವ ಕಾರಣ ಇದೆಯೇ ನೋಡಿ

ಕೆಲವು ಗೇಮ್ ನಿಧಾನ ಓಡುವುದಿಲ್ಲ, ತೆರೆಯುವುದೇ ಇಲ್ಲ. ಅದಕ್ಕೆ ಪ್ರೊಸೆಸರ್‌ನ ವೇಗ ಕಾರಣವಲ್ಲ. ಹಾಗಾಗಿ ಇದನ್ನು ಮೊದಲೇ ತೀರ್ಮಾನಿಸಿಕೊಳ್ಳಿ.

ಎವಿಎಕ್ಸ್2 ಕಡ್ಡಾಯ ಮಾಡಿರುವ ಗೇಮ್ ಆದರೆ ಮೂರನೇ ಜನರೇಷನ್ನಿನವರಿಗೆ ದಾರಿ ಅಲ್ಲಿಗೇ ಮುಗಿಯಿತು. ಇನ್ನು ವಿಂಡೋಸ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಟಿಪಿಎಂ 2.0 (ಭದ್ರತೆಯ ಕೀ ಕಾಯುವ ಭಾಗ), ಮತ್ತು ಇಂಟೆಲ್‌ನಲ್ಲಿ ಎಂಟನೇ ಜನರೇಷನ್, ಎಎಮ್‌ಡಿಯಲ್ಲಿ ರೈಜನ್ 2000 ಸಾಲಿನಿಂದ ಮೇಲೆ. ವಾಲರಂಟ್ ಗೇಮ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ಕಾವಲು) ಎರಡನ್ನೂ ಕೇಳುತ್ತದೆ. ಬ್ಯಾಟಲ್‌ಫೀಲ್ಡ್ 6 ಸೆಕ್ಯೂರ್ ಬೂಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ಡೂಮ್ ದ ಡಾರ್ಕ್ ಏಜಸ್‌ನಂಥ ಗೇಮ್‌ಗಳಿಗೆ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ) ಮಾಡಬಲ್ಲ ಕಾರ್ಡೇ ಬೇಕು. ಜಿಟಿಎಕ್ಸ್ 1060 ಇಟ್ಟುಕೊಂಡು ಪ್ರೊಸೆಸರ್ ಎಷ್ಟು ಬದಲಾಯಿಸಿದರೂ ಅದು ತೆರೆಯದು.

ಸೆಕ್ಯೂರ್ ಬೂಟ್ ವಿಷಯದಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಯಾವುದೋ ವಿಡಿಯೊ ನೋಡಿ ಬಯೋಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗ್ ಪುಟಕ್ಕೆ) ಹೋಗುತ್ತಾರೆ, ಸಿಎಸ್‌ಎಂ (ಹಳೆಯ ರೀತಿಯಲ್ಲಿ ಶುರುವಾಗಲು ಬಿಡುವ ಆಯ್ಕೆ) ಆಫ್ ಮಾಡುತ್ತಾರೆ, ಸೇವ್ ಮಾಡುತ್ತಾರೆ. ಆಮೇಲೆ ವಿಂಡೋಸ್ ಬರುವುದೇ ಇಲ್ಲ. ಡಿಸ್ಕ್ ಎಂಬಿಆರ್ ಎಂಬ ಹಳೆಯ ಮಾದರಿಯಲ್ಲಿ ಇರುವುದೇ ಇದಕ್ಕೆ ಕಾರಣ. ಮೊದಲು ಡೇಟಾ ಬೇರೆ ಕಡೆ ನಕಲು ಮಾಡಿ, ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಎಂಬ ಉಪಕರಣದಿಂದ ಡಿಸ್ಕನ್ನು ಜಿಪಿಟಿ ಎಂಬ ಹೊಸ ಮಾದರಿಗೆ ಬದಲಾಯಿಸಿ, ಆಮೇಲೆ ಬಯೋಸ್‌ಗೆ ಹೋಗಿ. ಈಗಾಗಲೇ ಸಿಕ್ಕಿಬಿದ್ದಿದ್ದರೆ ಹೆದರಬೇಡಿ. ಸಿಎಸ್‌ಎಂ ಮತ್ತೆ ಆನ್ ಮಾಡಿದರೆ ಹಳೆಯ ವಿಂಡೋಸ್ ಮರಳಿ ಬರುತ್ತದೆ. ವಿಂಡೋಸ್ ಹೊಸದಾಗಿ ಹಾಕಿಸಲು ಓಡಬೇಡಿ.

## ಹಂತ 3: ಧೂಳು, ತುಕ್ಕು, ಬಿಸಿ: ಮೊದಲು ಇವನ್ನು ಕಳೆಯಿರಿ

ಈ ಹಂತವನ್ನು ಎಲ್ಲರೂ ಬಿಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಡಲೇಬಾರದು.

ಕೋಡಿಬಾಗ ಕಡೆಯ ಮನೆಯಿಂದ ಬಂದ ಒಂದು ಸಿಪಿಯು ಡಬ್ಬ ನೆನಪಾಗುತ್ತದೆ. ಕಾಳಿ ನದಿ ಸಮುದ್ರ ಸೇರುವ ಕಡೆಯ ಗಾಳಿ, ಕಿಟಕಿ ಪಕ್ಕದ ಮೇಜು. ಹಿಂದಿನ ನಾಲ್ಕು ಸ್ಕ್ರೂಗಳಲ್ಲಿ ಎರಡು ತುಕ್ಕು ಹಿಡಿದು ತಿರುಗಲೇ ಇಲ್ಲ. ಮುಚ್ಚಳ ತೆಗೆದರೆ ಹೀಟ್‌ಸಿಂಕಿನ ಅಲ್ಯೂಮಿನಿಯಂ ಎಲೆಗಳ ಮೇಲೆ ಬಿಳಿ ಪುಡಿ ಕೂತಿತ್ತು, ಬೆರಳಿಗೆ ಅಂಟುವ ಹಾಗೆ. ಧೂಳು ಒಣ ಧೂಳಾಗಿರಲಿಲ್ಲ. ಉಪ್ಪಿನ ತೇವ ಕುಡಿದು ಫ್ಯಾನಿನ ಕೆಳಗೆ ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಒಂದೇ ಪದರವಾಗಿ ಎದ್ದು ಬಂತು. ಅದರ ಕೆಳಗೆ ಥರ್ಮಲ್ ಪೇಸ್ಟ್ ಸುಣ್ಣದ ಹಾಗೆ ಒಣಗಿ ಬಿರುಕು ಬಿಟ್ಟಿತ್ತು. ಆ ಯಂತ್ರದ ಪ್ರೊಸೆಸರ್ ಗೇಮ್ ಶುರುವಾದ ಎರಡೇ ನಿಮಿಷಕ್ಕೆ 100 ಡಿಗ್ರಿ ಮುಟ್ಟುತ್ತಿತ್ತು. ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸಿಕೊಳ್ಳುತ್ತಿತ್ತು. ಮನೆಯವರು "ಪ್ರೊಸೆಸರ್ ಹಳತಾಯ್ತು" ಎಂದು ತೀರ್ಮಾನಿಸಿ ಬಿಟ್ಟಿದ್ದರು. ಶುಚಿ ಮಾಡಿ ಹೊಸ ಪೇಸ್ಟ್ ಹಾಕಿದ ಮೇಲೆ ಅದೇ ಗೇಮ್‌ನಲ್ಲಿ 72 ಡಿಗ್ರಿ ದಾಟಲಿಲ್ಲ.

ಘಟ್ಟದ ಮೇಲೆ ಉಪ್ಪಿಲ್ಲ, ಆದರೆ ಕೆಂಪು ಮಣ್ಣಿನ ಧೂಳಿದೆ. ಅಡಿಕೆ ಸುಲಿಯುವ, ಒಣಗಿಸುವ ದಿನಗಳಲ್ಲಿ ಮನೆಯೊಳಗೆಲ್ಲ ನಾರಿನ ಪುಡಿ ಹಾರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಬೇರೆ. ಮಳೆಗಾಲದಲ್ಲಿ ಕಂಪ್ಯೂಟರ್ ಮುಚ್ಚಿ ಇಟ್ಟುಬಿಟ್ಟರೆ ಒಳಗೆ ಬೂಷ್ಟು ಬರುತ್ತದೆ. ವಾರಕ್ಕೆ ಎರಡು ಸಲವಾದರೂ ಒಂದು ಗಂಟೆ ಚಾಲೂ ಇಡಿ. ಒಳಗಿನ ಬಿಸಿಗೇ ತೇವ ಆರುತ್ತದೆ.

ಶುಚಿ ಮಾಡುವ ಕ್ರಮ ಹೀಗೆ. ಪ್ಲಗ್ ಕಿತ್ತು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬ್ರಷ್‌ನಿಂದ ಧೂಳು ತೆಗೆಯಿರಿ. ಬ್ಲೋವರ್ ಬಳಸುವುದಾದರೆ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಹತ್ತಿರ ತರಬೇಡಿ, ಅದರಿಂದ ಸ್ಥಾಯಿ ವಿದ್ಯುತ್ ಹೊಡೆಯಬಹುದು.

ಕೂಲರ್ ತೆಗೆಯುವಾಗ ರೈಜನ್ ಇರುವವರು ನಿಧಾನ ಮಾಡಿ. ಎಎಂ4 ಎಂಬ ಸಾಕೆಟ್ಟಿನ ಪ್ರೊಸೆಸರ್‌ಗಳಲ್ಲಿ ಪಿನ್ನುಗಳು ಪ್ರೊಸೆಸರ್‌ನ ಅಡಿಗೇ ಇರುತ್ತವೆ. ಪೇಸ್ಟ್ ಒಣಗಿದ್ದಾಗ ಕೂಲರನ್ನು ನೇರ ಮೇಲೆ ಎಳೆದರೆ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಕೂಲರಿಗೆ ಅಂಟಿಕೊಂಡೇ ಬರುತ್ತದೆ, ಪಿನ್ ಬಗ್ಗುತ್ತದೆ. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ ಸಡಿಲ ಮಾಡಿ, ಆಮೇಲೆ ಎತ್ತಿ. ಇಂಟೆಲ್ ಜೊತೆ ಬರುವ ಕೂಲರಿನಲ್ಲಿ ನಾಲ್ಕು ಒತ್ತುವ ಗೂಟಗಳಿವೆ. ವಾಪಸ್ ಹಾಕುವಾಗ ನಾಲ್ಕರಲ್ಲಿ ಒಂದು ಪೂರ್ತಿ ಕೂರದೆ ಉಳಿಯುವುದು ತುಂಬಾ ಸಾಮಾನ್ಯ. ಪ್ರತಿಯೊಂದನ್ನೂ ಬೆರಳಿನಿಂದ ಮೇಲಕ್ಕೆ ಎಳೆದು ನೋಡಿ, ಅಲುಗಬಾರದು. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು.

ನಂತರ ರ‍್ಯಾಮ್. ಸಿಪಿಯು-ಝಡ್‌ನ ಮೆಮೊರಿ ಪುಟದಲ್ಲಿ ಎರಡು ಚಾನೆಲ್ ಎಂದು ಕಾಣಬೇಕು. 16 ಜಿಬಿಯ ಒಂದೇ ಕಡ್ಡಿ ಹಾಕಿದ್ದರೆ ಪ್ರೊಸೆಸರ್‌ಗೆ ಡೇಟಾ ಅರ್ಧ ಅಗಲದ ದಾರಿಯಲ್ಲೇ ಬರುತ್ತಿದೆ ಎಂದೇ ಲೆಕ್ಕ. 8 ಜಿಬಿಯ ಎರಡು ಹಾಕಿ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಸಾಮಾನ್ಯವಾಗಿ ಎರಡು ಮತ್ತು ನಾಲ್ಕನೇ ಸ್ಲಾಟ್. ಡಿಡಿಆರ್4 ಇದ್ದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ. ಅದು ಆಫ್ ಇದ್ದರೆ 3200 ವೇಗದ ರ‍್ಯಾಮ್ 2133 ಅಥವಾ 2400ರಲ್ಲಿ ಓಡುತ್ತಿರುತ್ತದೆ. ಮೊದಲ ತಲೆಮಾರಿನ ರೈಜನ್‌ಗಳಿಗೆ ಇದರ ಪೆಟ್ಟು ಜಾಸ್ತಿ.

ಗೇಮ್ ಎಸ್‌ಎಸ್‌ಡಿಯಲ್ಲಿ ಇರಬೇಕು. ಹಾರ್ಡ್ ಡಿಸ್ಕಿನಿಂದ ಓಡಿಸಿ ಪ್ರೊಸೆಸರನ್ನು ಬೈಯುವುದು ನ್ಯಾಯವಲ್ಲ. "ಗೇಮ್ ಬೂಸ್ಟರ್" ಹೆಸರಿನ ಪ್ರೋಗ್ರಾಂಗಳು ಬೇಡ. ಅವೇ ಹಿಂದೆ ಕೂತು ಪ್ರೊಸೆಸರ್ ತಿನ್ನುತ್ತವೆ.

## ಹಂತ 4: ಅಸಲಿ ಪರೀಕ್ಷೆ

ಆಫ್ಟರ್‌ಬರ್ನರ್ ತೆರೆದು ಮಾನಿಟರಿಂಗ್ ಪುಟಕ್ಕೆ ಹೋಗಿ. ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಬಳಕೆ, ಪ್ರತಿ ಸಿಪಿಯು ಥ್ರೆಡ್‌ನ ಬಳಕೆ ಬೇರೆಬೇರೆಯಾಗಿ, ಸಿಪಿಯು ಬಿಸಿ, ರ‍್ಯಾಮ್, ಕಾರ್ಡಿನ ಮೆಮೊರಿ, ಎಫ್‌ಪಿಎಸ್, ಶೇ 1 ಲೋ, ಫ್ರೇಮ್‌ಟೈಮ್. ಇವೆಲ್ಲ ಪರದೆಯ ಮೂಲೆಯಲ್ಲಿ ಕಾಣುವಂತೆ ಟಿಕ್ ಮಾಡಿ. ಫ್ರೇಮ್‌ಟೈಮ್ (ಒಂದು ಫ್ರೇಮ್ ಮೂಡಲು ಹಿಡಿಯುವ ಸಮಯ) ಮಾತ್ರ ಗ್ರಾಫ್ ರೂಪದಲ್ಲಿ ಇರಲಿ. ಬೆಂಚ್‌ಮಾರ್ಕ್ ಪುಟದಲ್ಲಿ ದಾಖಲೆ ಶುರು ಮಾಡಲು, ನಿಲ್ಲಿಸಲು ಎರಡು ಕೀ ಇಟ್ಟುಕೊಳ್ಳಿ.

ಶೇ 1 ಲೋ ಎಂದರೆ ಅತಿ ನಿಧಾನದ ನೂರಕ್ಕೆ ಒಂದು ಫ್ರೇಮ್‌ಗಳ ವೇಗ. ಸರಾಸರಿ 50 ಇದ್ದು ಶೇ 1 ಲೋ 18 ಇದ್ದರೆ ಆಟ ಆಡಲು ಬರುವುದಿಲ್ಲ. ಸರಾಸರಿ 42, ಲೋ 35 ಇದ್ದರೆ ಹಾಯಾಗಿ ಆಡಬಹುದು. ಕೈಗೆ ಗೊತ್ತಾಗುವುದು ಈ ಎರಡನೇ ಸಂಖ್ಯೆಯೇ.

ಯಾಕೆ ಪ್ರತಿ ಥ್ರೆಡ್ ಬೇರೆಬೇರೆ ನೋಡಬೇಕು? ಟಾಸ್ಕ್ ಮ್ಯಾನೇಜರ್‌ನಲ್ಲಿ "ಸಿಪಿಯು ಶೇ 60 ಮಾತ್ರ, ಹಾಗಾದ್ರೆ ಪ್ರೊಸೆಸರ್ ಸಾಕಲ್ವಾ" ಎಂದು ಕೇಳುವವರು ಬಹಳ. ಗೇಮ್‌ನ ಮುಖ್ಯ ಕೆಲಸ ಒಂದೋ ಎರಡೋ ಥ್ರೆಡ್ ಮೇಲೆ ನಿಂತಿರುತ್ತದೆ. ಎಂಟು ಥ್ರೆಡ್‌ನ ಪ್ರೊಸೆಸರ್‌ನಲ್ಲಿ ಒಂದೇ ಥ್ರೆಡ್ ಪೂರ್ತಿ ಬಳಲಿ ಉಳಿದವು ಸುಮ್ನೆ ಕೂತಿದ್ದರೆ ಒಟ್ಟು ಲೆಕ್ಕ ಶೇ 12-13 ಎಂದಷ್ಟೇ ತೋರುತ್ತದೆ. ತೇರು ಎಳೆಯುವಾಗ ಮುಂದಿನವನು ಜಾರಿದರೆ ಹಿಂದೆ ಹತ್ತು ಜನ ನಿಂತಿದ್ದೂ ಪ್ರಯೋಜನವಿಲ್ಲವಲ್ಲ, ಹಾಗೆ.

ಈಗ ಗೇಮ್‌ನಲ್ಲಿ ವಿ-ಸಿಂಕ್, ಫ್ರೇಮ್ ಮಿತಿ, ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಎಲ್ಲ ಆಫ್ ಮಾಡಿ. 1080ಪಿ ಇಡಿ. ಜನ, ವಾಹನ ಜಾಸ್ತಿ ಇರುವ ಜಾಗ ಆರಿಸಿ. ಸೈಬರ್‌ಪಂಕ್ ಆದರೆ ಮಾರುಕಟ್ಟೆ ಬೀದಿ, ಬಾಲ್ಡರ್ಸ್ ಗೇಟ್ 3 ಆದರೆ ಮೂರನೇ ಅಂಕದ ಪಟ್ಟಣ. ಕೋಣೆಯೊಳಗೆ ನಿಂತು ಗೋಡೆ ನೋಡುತ್ತಾ ಅಳೆದ ಎಫ್‌ಪಿಎಸ್‌ಗೆ ಬೆಲೆಯಿಲ್ಲ. ಒಂದೇ ದಾರಿಯಲ್ಲಿ ಮೂರು ನಿಮಿಷ, ಮೂರು ಸಲ ನಡೆಯಿರಿ. ಮೊದಲ ಸಲದ ಅಂಕಿ ಬಿಟ್ಟುಬಿಡಿ, ಆಗ ಶೇಡರ್‌ಗಳು ತಯಾರಾಗುತ್ತಿರುತ್ತವೆ. ಉಳಿದ ಎರಡನ್ನು ಬರೆದುಕೊಳ್ಳಿ.

ಆಮೇಲೆ ರೆಸೊಲ್ಯೂಷನ್ ಮಾತ್ರ 720ಪಿಗೆ ಇಳಿಸಿ. ಬೇರೇನೂ ಮುಟ್ಟಬೇಡಿ. ಅದೇ ಬೀದಿಯಲ್ಲಿ ಮತ್ತೆ ನಡೆಯಿರಿ.

ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸದಲ್ಲೇ ನಿಮ್ಮ ಉತ್ತರ ಇದೆ. ರೆಸೊಲ್ಯೂಷನ್ ಇಳಿಸಿದರೆ ಕಾರ್ಡಿನ ಕೆಲಸ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಪ್ರೊಸೆಸರ್ ಕೆಲಸ ಹಾಗೇ ಇರುತ್ತದೆ. ಎಫ್‌ಪಿಎಸ್ ಜಿಗಿದರೆ ಅಡ್ಡಿ ಇದ್ದದ್ದು ಕಾರ್ಡಿನಲ್ಲಿ, ಪ್ರೊಸೆಸರ್ ಇನ್ನೂ ಗಟ್ಟಿ ಇದೆ. ಎಫ್‌ಪಿಎಸ್ ಅಲುಗಾಡದಿದ್ದರೆ ಅಡ್ಡಿ ಪ್ರೊಸೆಸರ್‌ನಲ್ಲಿದೆ. ಅಲ್ಲಿ ಯಾವ ಕಾರ್ಡ್ ಹಾಕಿದರೂ ಇಷ್ಟೇ.

ಶಿರಸಿಯಲ್ಲಿ ನಮ್ಮ ಭಾವನ ಮನೆಯ ಯಂತ್ರ ಐ5-4570, ಆರ್‌ಎಕ್ಸ್ 6600 ಕಾರ್ಡ್. ಸೈಬರ್‌ಪಂಕ್‌ನ ಅದೇ ಬೀದಿಯಲ್ಲಿ 1080ಪಿಯಲ್ಲಿ 41, 720ಪಿಯಲ್ಲಿ 42. ಶೇ 1 ಲೋ ಎರಡರಲ್ಲೂ 20ರ ಆಸುಪಾಸು. ನಾಲ್ಕೂ ಥ್ರೆಡ್ ಶೇ 100, ಕಾರ್ಡ್ ಶೇ 55ರಲ್ಲಿ ಕೂತಿತ್ತು. "ಭಾವ, ಇನ್ನೂ ದೊಡ್ಡ ಕಾರ್ಡ್ ತಗೊಂಡ್ರೆ ಆಗ್ತಿತ್ತೇನೋ" ಎಂದು ಅವನು ಅಷ್ಟು ದಿನ ಕೊರಗುತ್ತಿದ್ದ. ಎರಡು ಸಂಖ್ಯೆ ಪಕ್ಕಪಕ್ಕ ಬರೆದು ತೋರಿಸಿದ ಮೇಲೆ ಆ ಮಾತು ನಿಂತಿತು.

## ಹಂತ 5: ಎಚ್ಚರಿಕೆಯ ಚಿಹ್ನೆಗಳನ್ನು ಬೇರ್ಪಡಿಸಿ ಓದಿ

ತಡವರಿಕೆಗಳೆಲ್ಲ ಒಂದೇ ಅಲ್ಲ. ಕಾರು ವೇಗವಾಗಿ ಓಡಿಸಿದಾಗ ಮುಂದಿನ ಕಟ್ಟಡ ತಡವಾಗಿ ಮೂಡಿದರೆ, ಮಾತಿನ ಧ್ವನಿ ಕರಕರ ಅಂದರೆ, ಮೌಸ್ ಒಂದು ಕ್ಷಣ ಅಂಟಿಕೊಂಡಂತಾದರೆ ಪ್ರೊಸೆಸರ್ ಸೋತಿದೆ. ಎಲ್ಲ ಥ್ರೆಡ್ ಶೇ 100 ಇದ್ದಾಗ ಆನ್‌ಲೈನ್ ಗೇಮ್‌ನಲ್ಲಿ ಪಿಂಗ್ ಏರಿದ ಹಾಗೂ ಕಾಣಬಹುದು. ನೆಟ್‌ವರ್ಕನ್ನು ದೂರುವ ಮೊದಲು ಮೂಲೆಯ ಅಂಕಿ ನೋಡಿ.

ಹೊಸ ಜಾಗಕ್ಕೆ ಹೋದಾಗ ಒಮ್ಮೆ ಜಗ್ಗಿ, ಎರಡನೇ ಸಲ ಅದೇ ಜಾಗದಲ್ಲಿ ಸರಿಯಾದರೆ ಅದು ಶೇಡರ್. ಅದಕ್ಕೆ ಏನೂ ಕೊಳ್ಳಬೇಡಿ. ಚೆನ್ನಾಗಿ ಓಡುತ್ತಾ ಇದ್ದು ಹದಿನೈದು ನಿಮಿಷದ ಮೇಲೆ ಕೆಟ್ಟರೆ ಬಿಸಿ. ಎಚ್‌ಡಬ್ಲ್ಯುಇನ್ಫೊದಲ್ಲಿ ಥರ್ಮಲ್ ಥ್ರಾಟ್ಲಿಂಗ್ ಸಾಲಿನ ಎದುರು "ಯೆಸ್" ಬಂದಿದೆಯೇ ನೋಡಿ, ಬಂದಿದ್ದರೆ ಹಂತ 3ಕ್ಕೆ ವಾಪಸ್. ರ‍್ಯಾಮ್ ಅಂಚಿಗೆ ಬಂದು ಡಿಸ್ಕ್ ದೀಪ ಉರಿಯುತ್ತಲೇ ಇದ್ದರೆ ರ‍್ಯಾಮ್ ಸಾಲದು. ಕಾರ್ಡಿನ ಮೆಮೊರಿ ತುಂಬಿದ್ದರೆ ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿ.

ಕಂಪ್ಯೂಟರ್ ಪೂರ್ತಿ ಆಫ್ ಆಗಿ ತಾನೇ ಶುರುವಾಗುತ್ತಿದ್ದರೆ ಅಲ್ಲೇ ಪರೀಕ್ಷೆ ನಿಲ್ಲಿಸಿ. ಅದು ಸಾಮಾನ್ಯವಾಗಿ ಪವರ್ ಸಪ್ಲೈ ಅಥವಾ ಮನೆಯ ವೋಲ್ಟೇಜ್. ಹಾಗೇ ಮುಂದುವರಿಸಿದರೆ ಬೋರ್ಡೂ ಹೋಗಬಹುದು.

## ಹಂತ 6: ಖರ್ಚಿಲ್ಲದೆ ಸಿಗುವುದನ್ನು ಮೊದಲು ತೆಗೆದುಕೊಳ್ಳಿ

ಪ್ರೊಸೆಸರ್ ಅಡ್ಡಿ ಎಂದು ಗೊತ್ತಾದ ಮೇಲೂ ಜನ ಎಲ್ಲ ಸೆಟ್ಟಿಂಗ್ ಲೋ ಮಾಡುತ್ತಾರೆ. ಚಿತ್ರ ಹಾಳಾಗುತ್ತದೆ, ಎಫ್‌ಪಿಎಸ್ ಏರುವುದಿಲ್ಲ. ಪ್ರೊಸೆಸರ್ ತಿನ್ನುವ ಸೆಟ್ಟಿಂಗ್‌ಗಳು ಕೆಲವೇ: ಜನಸಂದಣಿ, ವಾಹನ ದಟ್ಟಣೆ, ಎಷ್ಟು ದೂರದವರೆಗೆ ವಸ್ತುಗಳು ಕಾಣಬೇಕು ಎಂಬುದು, ಫಿಸಿಕ್ಸ್, ನೆರಳಿನ ದೂರ, ಮತ್ತು ರೇ ಟ್ರೇಸಿಂಗ್. ಕೊನೆಯದನ್ನು ಎಲ್ಲರೂ ಕಾರ್ಡಿನ ಹೊರೆ ಅಂದುಕೊಂಡಿದ್ದಾರೆ. ಅದು ಪ್ರೊಸೆಸರ್‌ಗೂ ದೊಡ್ಡ ಹೊರೆ. ಇವನ್ನು ಇಳಿಸಿ. ಟೆಕ್ಸ್ಚರ್, ಆಂಟಿ-ಅಲಿಯಾಸಿಂಗ್, ರೆಸೊಲ್ಯೂಷನ್ ಇವನ್ನು ಏರಿಸಿ. ಕಾರ್ಡ್ ಹೇಗೂ ಖಾಲಿ ಕೂತಿದೆ.

ಎಫ್‌ಎಸ್‌ಆರ್, ಡಿಎಲ್‌ಎಸ್‌ಎಸ್ ಆನ್ ಮಾಡಿದರೂ ಎಫ್‌ಪಿಎಸ್ ಏರದಿರುವುದಕ್ಕೆ ಕಾರಣ ಈಗ ಗೊತ್ತಾಗಿರಬೇಕು. ಅವು ಮಾಡುವುದೂ ಒಳಗಿಂದ ರೆಸೊಲ್ಯೂಷನ್ ಇಳಿಸುವ ಕೆಲಸವೇ. ಫ್ರೇಮ್ ಜನರೇಷನ್ ಬೇರೆ ವಿಷಯ. ಅದು ಎರಡು ಅಸಲಿ ಫ್ರೇಮ್ ನಡುವೆ ಒಂದನ್ನು ತಾನೇ ಹುಟ್ಟಿಸುತ್ತದೆ, ಪ್ರೊಸೆಸರ್ ಅಡ್ಡಿ ಇದ್ದರೂ ನುಣುಪು ಕಾಣುತ್ತದೆ. ಆದರೆ ಮೂಲದಲ್ಲೇ 30 ಇದ್ದರೆ ಕೈ ಒತ್ತಿದ್ದಕ್ಕೂ ಪರದೆ ಅಲುಗುವುದಕ್ಕೂ ಅಂತರ ಗೊತ್ತಾಗುತ್ತದೆ. ಮೂಲ 60ರ ಹತ್ತಿರ ಇದ್ದವರಿಗೆ ಮಾತ್ರ ನಾನು ಇದನ್ನು ಬಳಸಲು ಹೇಳುತ್ತೇನೆ.

ಎಲ್ಲಕ್ಕಿಂತ ಉಪಯೋಗದ ಕೆಲಸ ಎಫ್‌ಪಿಎಸ್‌ಗೆ ಮಿತಿ ಹಾಕುವುದು. 60 ಎಂದರೆ ಪ್ರತಿ ಫ್ರೇಮ್‌ಗೆ 16.7 ಮಿಲಿಸೆಕೆಂಡ್, 30 ಎಂದರೆ 33.3. ಹಳೆಯ ಪ್ರೊಸೆಸರ್ ಒಮ್ಮೆ 15ರಲ್ಲಿ, ಒಮ್ಮೆ 40ರಲ್ಲಿ ಮುಗಿಸುತ್ತದೆ. ಕಣ್ಣಿಗೆ ಕುಟುಕುವುದು ಈ ಏರಿಳಿತ. ರಿವಾಟ್ಯೂನರ್‌ನಲ್ಲಿ ನಿಮ್ಮ ಶೇ 1 ಲೋಗಿಂತ ಸ್ವಲ್ಪ ಮೇಲೆ, 40 ಅಥವಾ 45ಕ್ಕೆ ಮಿತಿ ಇಟ್ಟು ನೋಡಿ. ಗ್ರಾಫಿನ ಗೆರೆ ನೇರವಾಗುವುದನ್ನು ಕಣ್ಣಾರೆ ಕಾಣಬಹುದು. ಬಿಸಿಯೂ ಇಳಿಯುತ್ತದೆ. ಕಥೆಯ ಗೇಮ್ ಆಡುವ ಬಹಳ ಮಂದಿಯ ಹುಡುಕಾಟ ಇಲ್ಲಿಗೇ ಮುಗಿದಿದೆ.

## ಹಂತ 7: ಖರ್ಚು ಮಾಡಲೇಬೇಕಾದರೆ

ಮೊದಲು ನನ್ನ ಅಂದಾಜು ಹೇಳಿಬಿಡುತ್ತೇನೆ. ಎರಡು, ಮೂರನೇ ಜನರೇಷನ್ನಿಗೆ ಇನ್ನು ದುಡ್ಡು ಹಾಕಬೇಡಿ. ಜಿಟಿಎ 5, ರೆಡ್ ಡೆಡ್ 2ರಂಥ ಗೇಮ್ ಆಡಿಕೊಂಡು ಹೊಸ ಸೆಟ್‌ಗೆ ಹಣ ಕೂಡಿಡಿ. ರೆಡ್ ಡೆಡ್ 2ರ ಕನಿಷ್ಠ ಪಟ್ಟಿಯಲ್ಲಿ ಐ5-2500ಕೆ ಇದೆ. ನಾಲ್ಕನೇ ಜನರೇಷನ್ ಐ5 ಇದ್ದು ಬೋರ್ಡ್ ಗಟ್ಟಿ ಇದ್ದರೆ, ಕಡಿಮೆ ಬೆಲೆಗೆ ಸಿಕ್ಕರೆ ಮಾತ್ರ ಹಳೆಯ ಐ7-4770 ಅಥವಾ 4790. ಐ7-6700 ಮತ್ತು ರೈಜನ್ 5 1600, ಈ ಎರಡೂ ಸೈಬರ್‌ಪಂಕ್ ಗೇಮ್‌ನ 2.0 ಆವೃತ್ತಿ ಕೇಳುವ ಕನಿಷ್ಠ ಮಟ್ಟ. 40ರ ಮಿತಿಯಲ್ಲಿ ಇವು ಇನ್ನೂ ಕೆಲಸ ಮಾಡುತ್ತವೆ. ಮಾನ್‌ಸ್ಟರ್ ಹಂಟರ್ ವೈಲ್ಡ್ಸ್‌ಗೆ ಮಾತ್ರ ಕನಿಷ್ಠವೇ ಐ5-10400 ಅಥವಾ ರೈಜನ್ 5 3600. ಅಲ್ಲಿ ಹಳಬರಿಗೆ ಜಾಗವಿಲ್ಲ.

ಎಎಂ4 ಬೋರ್ಡ್ ಇರುವವರದು ಅದೃಷ್ಟ. 2017ರ ರೈಜನ್ 5 1600 ಕೂರಿಸಿದ ಬೋರ್ಡಿನಲ್ಲೇ, ತಯಾರಕರು ಬಯೋಸ್ ಕೊಟ್ಟಿದ್ದರೆ, ರೈಜನ್ 5 5600 ಹಾಕಬಹುದು. ಬೋರ್ಡ್, ರ‍್ಯಾಮ್ ಯಾವುದೂ ಬದಲಾಗುವುದಿಲ್ಲ. ಈ ಇಡೀ ಬರಹದಲ್ಲಿ ಇಷ್ಟು ಲಾಭದ ಖರ್ಚು ಬೇರೆ ಇಲ್ಲ. ಕ್ರಮ ತಪ್ಪಬೇಡಿ: ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ, ಆಮೇಲೆ ಹೊಸದು ಹಾಕಿ. ಮೊದಲೇ ಬದಲಾಯಿಸಿದರೆ ಪರದೆ ಕಪ್ಪಾಗಿಯೇ ಇರುತ್ತದೆ. ಬಯೋಸ್ ಬರೆಯುವಾಗ ಕರೆಂಟ್ ಹೋದರೆ ಬೋರ್ಡ್ ಸತ್ತ ಹಾಗೆ. ಯುಪಿಎಸ್ ಬ್ಯಾಟರಿ ನಿಜವಾಗಿ ಹತ್ತು ನಿಮಿಷ ನಿಲ್ಲುತ್ತದೆಯೇ ಎಂದು ಹಿಂದಿನ ದಿನವೇ ಪ್ಲಗ್ ಕಿತ್ತು ನೋಡಿಕೊಳ್ಳಿ. ಗುಡುಗು ಮಳೆಯ ದಿನ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಇಂಟೆಲ್‌ನಲ್ಲಿ ಎರಡು ಮತ್ತು ಮೂರನೆಯದಕ್ಕೆ 1155 ಸಾಕೆಟ್, ನಾಲ್ಕಕ್ಕೆ 1150, ಆರು ಏಳಕ್ಕೆ 1151. ಎಂಟು ಒಂಬತ್ತಕ್ಕೂ 1151 ಎಂದೇ ಹೆಸರು, ಆದರೆ ಆರು ಏಳರ ಬೋರ್ಡಿನಲ್ಲಿ ಅವು ಓಡುವುದಿಲ್ಲ. ಹೆಸರು ನೋಡಿ ಐ5-8400 ಕೊಂಡು ತಂದು ಕೈ ಸುಟ್ಟುಕೊಂಡವರಿದ್ದಾರೆ. ಐ7 ಬದಲು ಅಗ್ಗಕ್ಕೆ ಝಿಯಾನ್ ಇ3-1230 ಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ಎಂಟು ಥ್ರೆಡ್‌ನ ಒಳ್ಳೆಯ ಪ್ರೊಸೆಸರ್ ಅದು. ಆದರೆ ಅದರಲ್ಲಿ ಒಳ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಇಲ್ಲದೆ ಪರದೆ ಬರುವುದಿಲ್ಲ. ನಿಮ್ಮ ಬೋರ್ಡಿನ ಬೆಂಬಲ ಪಟ್ಟಿಯಲ್ಲಿ ಇದೆಯೇ ಎಂದೂ ನೋಡಬೇಕು.

ಪ್ರೊಸೆಸರ್ ಸರಿ ಇದೆ, ಕಾರ್ಡೇ ಅಡ್ಡಿ ಎಂದು ಹಂತ 4ರಲ್ಲಿ ಬಂದಿದ್ದರೂ ಹಳೆಯ ಬೋರ್ಡಿಗೆ ಎಲ್ಲ ಕಾರ್ಡೂ ಹೊಂದುವುದಿಲ್ಲ. ಇಂಟೆಲ್ ಆರ್ಕ್ ಕಾರ್ಡುಗಳು ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ತಲುಪುವ ಸೌಲಭ್ಯ) ಇಲ್ಲದ ಬೋರ್ಡಿನಲ್ಲಿ ಸೊರಗುತ್ತವೆ. ಆರ್‌ಎಕ್ಸ್ 6500 ಎಕ್ಸ್‌ಟಿ, 6400 ಕಾರ್ಡುಗಳಿಗೆ ನಾಲ್ಕೇ ಲೇನ್ (ಬೋರ್ಡಿನೊಂದಿಗೆ ಡೇಟಾ ಹೋಗಿಬರುವ ದಾರಿ). ಪಿಸಿಐಇ 3.0 ಎಂಬ ಹಳೆಯ ಮಾದರಿಯ ಕಾರ್ಡ್ ಸ್ಲಾಟ್ ಇರುವ ಬೋರ್ಡಿನಲ್ಲಿ ಅವುಗಳ ಶಕ್ತಿ ಪೂರ್ತಿ ಬರುವುದಿಲ್ಲ.

ಕಚೇರಿಯಿಂದ ಹೊರಬಂದ ರೀಫರ್ಬಿಶ್ಡ್ ಸಿಪಿಯು ಡಬ್ಬ ಕೊಳ್ಳುವವರು ಪವರ್ ಸಪ್ಲೈಯ ಸ್ಟಿಕ್ಕರ್ ಓದಿ. ಹಲವುದರಲ್ಲಿ 240ರಿಂದ 300 ವ್ಯಾಟ್ ಅಷ್ಟೇ, ಕಾರ್ಡಿಗೆ ಕೊಡುವ ಆರು ಪಿನ್ನಿನ ವೈರೂ ಇರುವುದಿಲ್ಲ. ಸಾಟಾ ವೈರಿನಿಂದ ಆರು ಪಿನ್ ಮಾಡುವ ಅಡಾಪ್ಟರ್ ಹಾಕಬೇಡಿ. ಅದು ಕರಗಿ ಬೆಂಕಿ ಹತ್ತುವ ಅಪಾಯ ಇದೆ. ಬೇರೆ ವೈರ್ ಬೇಡದ 75 ವ್ಯಾಟ್‌ನ ಜಿಟಿಎಕ್ಸ್ 1650 ಅಂಥ ಡಬ್ಬಕ್ಕೆ ಸರಿ.

ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ನೋಡಲು ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಸಿಪಿಯು-ಝಡ್ ಹಾಕಿಕೊಂಡು ಹೋಗಿ. ಚಾಲೂ ಇರುವ ಯಂತ್ರದಲ್ಲೇ ಹೆಸರು, ಥ್ರೆಡ್ ನೋಡಿ. ಕೈಗೆ ಬಂದ ಮೇಲೆ ಎಎಂ4 ಆದರೆ ಪ್ರೊಸೆಸರ್‌ನ ಪಿನ್, ಇಂಟೆಲ್ ಆದರೆ ಬೋರ್ಡಿನ ಸಾಕೆಟ್ ಒಳಗಿನ ಪಿನ್. ಮೊಬೈಲ್ ಟಾರ್ಚ್ ಅಡ್ಡ ಹಿಡಿದು ನೋಡಿದರೆ ಬಗ್ಗಿದ ಪಿನ್ ಸಾಲು ತಪ್ಪಿ ಹೊಳೆಯುತ್ತದೆ.

ಹೊಸದು ಕೂರಿಸಿದ ದಿನವೇ ಹಂತ 4ನ್ನು ಮತ್ತೆ ಮಾಡಿ. ಅದೇ ಗೇಮ್, ಅದೇ ಬೀದಿ, ಅದೇ ಸೆಟ್ಟಿಂಗ್. ಶಿರಸಿಯ ಆ ಯಂತ್ರಕ್ಕೆ ಬಳಸಿದ ಐ7-4790 ಹಾಕಿದೆವು, ಕಾರ್ಡ್ ಹಳೆಯದೇ. 41 ಇದ್ದದ್ದು 54 ಆಯಿತು, ಶೇ 1 ಲೋ 20ರಿಂದ 37ಕ್ಕೆ ಬಂತು. ಆಮೇಲೆ 45ಕ್ಕೆ ಮಿತಿ ಹಾಕಿ ಬಿಟ್ಟೆವು. ನೋಟ್‌ಬುಕ್ಕಿನ ಅದೇ ಹಾಳೆಯಲ್ಲಿ, ಹಳೆಯ ಅಂಕಿಯ ಪಕ್ಕದಲ್ಲೇ ಹೊಸ ಅಂಕಿಯನ್ನೂ ತಾರೀಕನ್ನೂ ಬರೆದಿಡಿ. ಮುಂದಿನ ಮಳೆಗಾಲ ಕಳೆದ ಮೇಲೆ ಗೇಮ್ ಮತ್ತೆ ತಡವರಿಸಿದರೆ ಮೊದಲು ಆ ಹಾಳೆ ತೆಗೆಯಿರಿ, ಬಿಸಿ ಎಷ್ಟಿತ್ತು ನೋಡಿ, ಬ್ರಷ್ ಕೈಗೆತ್ತಿಕೊಳ್ಳಿ.